ಜಾಲದ ಕಣ್ಣು

ಬಲೆಯ ವಿಷಯವಾಗಿ ಮಾತನಾಡುವಾಗ ಬೆಸ್ತರು ಸಾಮಾನ್ಯವಾಗಿ ನೂಲಿಗಿಂತ ಕಣ್ಣಿಗೇ ಹೆಚ್ಚಿನ ಮರ್ಯಾದೆಯನ್ನು ಕೊಡುವರು. ಇದು ಸಣ್ಣ ಕಣ್ಣಿನ ಬಲೆ, ಅದು ದೊಡ್ಡ ಕಣ್ಣಿನ ಬಲೆ ಎಂಬ ವ್ಯವಹಾರವು ಎಲ್ಲರಿಗೂ ತಿಳಿದದ್ದೇ. ನೂಲು ಕೈಗೆ ಸಿಕ್ಕುವ ವಸ್ತು. ಗಂಟು ದೃಷ್ಟಿಗೆ ಬೀಳುವ ವಸ್ತು. ಕಣ್ಣಾದರೋ ಬರಿಯ ತೆರಪು. ಹೀಗಿದ್ದರೂ ಯಾವ ಮೀನು ನಿಲ್ಲತಕ್ಕದ್ದು, ಯಾವುದು ನುಸುಳಿ ಹೋಗತಕ್ಕದ್ದು ಎಂಬುದನ್ನು ನಿರ್ಣಯಿಸುವುದು ಆ ತೆರಪೇ. ವಿದ್ಯುಚ್ಛಾಸ್ತ್ರಜ್ಞರು ತಂತಿಗಳ ಹೆಣಿಗೆಯನ್ನು ಜಾಲವೆಂದು ಕರೆದು, ಅದರ ಒಂದೊಂದು ತೆರಪಿಗೂ ಬಲೆಯ ಕಣ್ಣಿಗಿರುವ ಹೆಸರನ್ನೇ ಇಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ ಮೆಶ್ ಎಂದು ಹೆಸರು. ಕನ್ನಡದಲ್ಲಿ ಕಣ್ಣು ಎಂದರೆ ಅರ್ಥಕ್ಕೆ ಯಾವ ಕೊರತೆಯೂ ಬರುವುದಿಲ್ಲ. ಈ ಕಣ್ಣುಗಳನ್ನು ಹಿಡಿದುಕೊಂಡು ಜಾಲದ ಒಂದೊಂದು ತಂತಿಯಲ್ಲಿಯೂ ಎಷ್ಟು ಪ್ರವಾಹವಿದೆ ಎಂದು ಲೆಕ್ಕ ಹಾಕುವ ಕ್ರಮವೊಂದುಂಟು. ಶಾಲೆಯಲ್ಲಿ ಅದನ್ನು ಪರೀಕ್ಷೆಗಾಗಿ ಓದಿ ಮರೆಯುವವರೇ ಹೆಚ್ಚು. ಆದರೆ ಮರೆತುಬಿಡಬಹುದಾದಷ್ಟು ಅಲ್ಪವಾದ ವಿಷಯವು ಅದಲ್ಲ.

ಮೊದಲು ಕಷ್ಟವೇನೆಂಬುದನ್ನು ತಿಳಿಯಬೇಕು. ಒಂದೇ ಬ್ಯಾಟರಿ, ಒಂದೇ ದೀಪ, ಒಂದೇ ದಾರಿ ಇದ್ದಲ್ಲಿ ಲೆಕ್ಕವು ಸುಲಭ. ಬ್ಯಾಟರಿಯ ಒತ್ತಡವನ್ನು ದಾರಿಯ ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುವುದು. ಈ ನಿಯಮವನ್ನು 1827ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದ ಗೆಯೋರ್ಗ್ ಓಮ್ ಎಂಬಾತನು ಜರ್ಮನಿಯ ಕೊಲೋನ್ ನಗರದ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದವನು. ಆತನ ಮಾತಿಗೆ ಸ್ವದೇಶದಲ್ಲಿ ಒಡನೆಯೇ ಮನ್ನಣೆ ದೊರೆಯಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯು ಆತನಿಗೆ ಕಾಪ್ಲಿ ಪದಕವನ್ನು ಕೊಟ್ಟದ್ದು 1841ರಲ್ಲಿ. ಆದರೆ ದಾರಿಗಳು ಕವಲೊಡೆದು ಪುನಃ ಕೂಡಿ, ಒಂದು ಬ್ಯಾಟರಿಯ ಬದಲು ಎರಡು ಮೂರು ಬ್ಯಾಟರಿಗಳು ಬೇರೆ ಬೇರೆ ಕಡೆಗಳಲ್ಲಿ ಕುಳಿತರೆ ಓಮನ ಒಂದು ನಿಯಮವೇ ಸಾಲದು. ಯಾವ ತಂತಿಯಲ್ಲಿ ಪ್ರವಾಹವು ಯಾವ ದಿಕ್ಕಿಗೆ ಹರಿಯುವುದೆಂಬುದೇ ನೋಟಕ್ಕೆ ತಿಳಿಯದು.

1845ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿಯೇ ಇದ್ದ, ಇಪ್ಪತ್ತೊಂದು ವರ್ಷ ವಯಸ್ಸಿನ ಗುಸ್ತಾವ್ ಕಿರ್ಖಾಫನು ಈ ಕಷ್ಟವನ್ನು ಎರಡು ನಿಯಮಗಳಿಂದ ಪರಿಹರಿಸಿದನು. ತಂತಿಗಳು ಕೂಡುವ ಸಂಧಿಗೆ ಎಷ್ಟು ಪ್ರವಾಹವು ಬರುವುದೋ ಅಷ್ಟೇ ಹೊರಗೆ ಹೋಗಬೇಕು ಎಂಬುದು ಮೊದಲನೆಯದು. ಯಾವುದಾದರೂ ಸುತ್ತುದಾರಿಯಲ್ಲಿ ಹೊರಟು ಹೊರಟ ಸ್ಥಳಕ್ಕೇ ಮರಳಿದರೆ ಒತ್ತಡದ ಏರಿಕೆಗಳ ಮೊತ್ತವೂ ಇಳಿಕೆಗಳ ಮೊತ್ತವೂ ಸಮವಾಗಿರಬೇಕು ಎಂಬುದು ಎರಡನೆಯದು. ಮೊದಲನೆಯದು ಕೆರೆಯ ತೂಬಿನ ನ್ಯಾಯ: ಒಳಗೆ ಬಂದ ನೀರು ಕವಲುಗಾಲುವೆಗಳಲ್ಲಿ ಹಂಚಿಹೋಗುವುದೇ ಹೊರತು ಮಾಯವಾಗುವುದಿಲ್ಲ. ಎರಡನೆಯದು ಬೆಟ್ಟದ ನ್ಯಾಯ: ಎಷ್ಟು ಸುತ್ತಿ ಬಳಸಿ ನಡೆದರೂ ಮನೆಗೆ ಮರಳಿದವನು ಹತ್ತಿದ್ದಷ್ಟನ್ನು ಇಳಿದೇ ಇರಬೇಕು.

ಈ ಎರಡು ನಿಯಮಗಳಿಂದ ಎಲ್ಲ ಪ್ರವಾಹಗಳನ್ನೂ ಕಂಡುಹಿಡಿಯಬಹುದೆಂಬುದು ನಿಜ. ಆದರೆ ತಂತಿಗೊಂದರಂತೆ ಅವ್ಯಕ್ತವನ್ನು ಇಟ್ಟುಕೊಂಡರೆ ಸಮೀಕರಣಗಳು ಹಿಂಡುಹಿಂಡಾಗಿ ಏಳುವುವು. ಆರು ತಂತಿಗಳ ಜಾಲಕ್ಕೆ ಆರು ಅವ್ಯಕ್ತಗಳು, ಆರು ಸಮೀಕರಣಗಳು. ಕೈಯಲ್ಲಿ ಬಿಡಿಸುವವನಿಗೆ ಹೊತ್ತು ಕಳೆಯುವುದೂ, ನಡುವೆ ಚಿಹ್ನೆ ತಪ್ಪುವುದೂ ಸಹಜ. ಈ ಭಾರವನ್ನು ಇಳಿಸಿದ ಉಪಾಯವು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ತನ್ನ ಕಡೆಯ ದಿನಗಳಲ್ಲಿ ಹೇಳಿದ ಪಾಠಗಳಲ್ಲಿ ಬಂದುದು. ಆತನು 1879ರ ನವೆಂಬರಿನಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. 1873ರಲ್ಲಿ ಅಚ್ಚಾಗಿದ್ದ ಆತನ ಮಹಾಗ್ರಂಥದಲ್ಲಿ ಈ ಉಪಾಯವಿರಲಿಲ್ಲ. ಆತನ ಮರಣಾನಂತರ 1881ರಲ್ಲಿ ಹೊರಬಂದ ಎರಡನೆಯ ಮುದ್ರಣಕ್ಕೆ, ಜಾನ್ ಆಂಬ್ರೋಸ್ ಫ್ಲೆಮಿಂಗ್ ಎಂಬ ಶಿಷ್ಯನು ಪಾಠ ಕೇಳುವಾಗ ಬರೆದುಕೊಂಡಿದ್ದ ಟಿಪ್ಪಣಿಯಿಂದ ಅದನ್ನು ತೆಗೆದು ಸೇರಿಸಲಾಯಿತು. ಗುರುಮುಖದಿಂದ ಹೊರಟ ಮಾತು ಶಿಷ್ಯನ ಲೇಖನಿಯಿಂದ ಉಳಿಯಿತು. ಆ ಫ್ಲೆಮಿಂಗನೇ ಮುಂದೆ 1904ರಲ್ಲಿ ರೇಡಿಯೋ ವಾಲ್ವನ್ನು ನಿರ್ಮಿಸಿ ಲೋಕಪ್ರಸಿದ್ಧನಾದನು.

ಮ್ಯಾಕ್ಸ್‌ವೆಲ್ಲನ ಉಪಾಯವು ಇದು. ತಂತಿತಂತಿಗೂ ಬೇರೆ ಬೇರೆ ಪ್ರವಾಹವನ್ನು ಊಹಿಸಬೇಡ. ಕಣ್ಣುಕಣ್ಣಿಗೂ ಒಂದೊಂದು ಪ್ರವಾಹವನ್ನು ಊಹಿಸು. ಅದು ಆ ಕಣ್ಣಿನ ಅಂಚನ್ನು ಹಿಡಿದು ಸುತ್ತುತ್ತಲೇ ಇದೆ ಎಂದು ಭಾವಿಸು. ಎಲ್ಲ ಕಣ್ಣುಗಳಲ್ಲಿಯೂ ಸುತ್ತುವ ದಿಕ್ಕು ಒಂದೇ ಆಗಿರಲಿ.

ದೇವಸ್ಥಾನದ ಪ್ರಾಕಾರವನ್ನು ಕಂಡವರಿಗೆ ಇದು ಸುಲಭವಾಗಿ ಹೃದ್ಗತವಾಗುವುದು. ಒಂದೇ ಪ್ರಾಕಾರದಲ್ಲಿ ಎರಡು ಗುಡಿಗಳು ಪಕ್ಕಪಕ್ಕದಲ್ಲಿ, ಒಂದು ಪಶ್ಚಿಮಕ್ಕೆ ಒಂದು ಪೂರ್ವಕ್ಕೆ, ಇವೆ ಎನ್ನೋಣ. ಎರಡಕ್ಕೂ ನಡುವೆ ಒಂದೇ ಓಣಿ. ಭಕ್ತರ ಒಂದು ಗುಂಪು ಪಶ್ಚಿಮದ ಗುಡಿಗೂ ಇನ್ನೊಂದು ಗುಂಪು ಪೂರ್ವದ ಗುಡಿಗೂ ಎಡೆಬಿಡದೆ ಪ್ರದಕ್ಷಿಣೆ ಮಾಡುತ್ತಿದೆ. ಇಬ್ಬರದೂ ಪ್ರದಕ್ಷಿಣೆಯೇ, ಇಬ್ಬರಿಗೂ ದೇವರು ಬಲಗಡೆಗೇ. ಆದರೂ ನಡುವಣ ಓಣಿಯಲ್ಲಿ ಮೊದಲನೆಯ ಗುಂಪು ದಕ್ಷಿಣಾಭಿಮುಖವಾಗಿಯೂ ಎರಡನೆಯದು ಉತ್ತರಾಭಿಮುಖವಾಗಿಯೂ ನಡೆಯುವುದು. ಗಳಿಗೆಗೆ ಹತ್ತು ಮಂದಿ ದಕ್ಷಿಣಕ್ಕೂ ಆರು ಮಂದಿ ಉತ್ತರಕ್ಕೂ ಹೋದರೆ, ಓಣಿಯ ಬಾಯಲ್ಲಿ ಕುಳಿತು ಎಣಿಸುವವನು ನಿವ್ವಳವಾಗಿ ನಾಲ್ವರು ದಕ್ಷಿಣಕ್ಕೆ ಹೋದರೆಂದು ಬರೆದುಕೊಳ್ಳುವನು. ಎರಡು ಕಣ್ಣುಗಳಿಗೆ ಸಾಮಾನ್ಯವಾದ ತಂತಿಯಲ್ಲಿಯೂ ಹೀಗೆಯೇ: ಅಲ್ಲಿ ನಿಜವಾಗಿ ಇರುವುದು ಎರಡು ಕಲ್ಪಿತ ಪ್ರವಾಹಗಳ ಅಂತರ. ಹೊರಅಂಚಿನ ತಂತಿಗಳಲ್ಲಿ ಎದುರು ಬರುವವರು ಯಾರೂ ಇಲ್ಲ. ಆದ್ದರಿಂದ ಅಲ್ಲಿ ಕಲ್ಪಿತ ಪ್ರವಾಹವೇ ನಿಜವಾದ ಪ್ರವಾಹ.

ಈ ದೃಷ್ಟಾಂತದಲ್ಲಿ ಇನ್ನೊಂದು ಲಾಭವೂ ಅಡಗಿದೆ. ಪ್ರದಕ್ಷಿಣೆ ಮಾಡುವವನು ಯಾವ ಮೂಲೆಗೆ ಬಂದರೂ ಅಲ್ಲಿಂದ ಮುಂದಕ್ಕೆ ಹೋಗಿಯೇ ಹೋಗುವನು, ಮೂಲೆಯಲ್ಲಿ ಕುಳಿತುಬಿಡುವುದಿಲ್ಲ. ಆದಕಾರಣ ಪ್ರತಿಯೊಂದು ಸಂಧಿಯಲ್ಲಿಯೂ ಬಂದದ್ದು ಹೋದದ್ದಕ್ಕೆ ತಾನಾಗಿಯೇ ಸಮವಾಗುವುದು. ಕಿರ್ಖಾಫನ ಮೊದಲನೆಯ ನಿಯಮವನ್ನು ಬೇರೆಯಾಗಿ ಬರೆಯುವ ಶ್ರಮವೇ ಉಳಿಯಿತು. ಉಳಿದದ್ದು ಎರಡನೆಯ ನಿಯಮ ಮಾತ್ರ. ಅದನ್ನು ಕಣ್ಣಿಗೊಂದು ಸಲ ಬರೆದರೆ ಸಾಕು. ಆರು ತಂತಿ, ನಾಲ್ಕು ಸಂಧಿಗಳಿರುವ ಜಾಲದಲ್ಲಿ ಕಣ್ಣುಗಳು ಮೂರೇ. ತಂತಿಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿದರೆ ಸ್ವತಂತ್ರವಾದ ಸುತ್ತುಗಳ ಸಂಖ್ಯೆಯು ಬರುವುದೆಂಬುದನ್ನು ಕಿರ್ಖಾಫನೇ 1847ರಲ್ಲಿ ತೋರಿಸಿದ್ದನು. ಆರು ಸಮೀಕರಣಗಳು ಮಾಡುತ್ತಿದ್ದ ಕೆಲಸವನ್ನು ಮೂರು ಮಾಡಿದುವು.

ಇಷ್ಟು ಸುಲಭವಾದ ಕ್ರಮದಲ್ಲಿ ವಿದ್ಯಾರ್ಥಿಗಳು ಎಡವುವುದೇತಕ್ಕೆ? ಹಳೆಯ ಮೈಸೂರು ಸೀಮೆಯ ಒಂದು ಊರಿನಲ್ಲಿ ಡಿಪ್ಲೊಮಾ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬನ ಸಂಗತಿಯು ಇದಕ್ಕೆ ಉತ್ತರವನ್ನು ಕೊಡುವುದು. ಆತನು ಈ ವಿಷಯದಲ್ಲಿ ಒಂದು ಸಲ ತೇರ್ಗಡೆಯಾಗಿರಲಿಲ್ಲ. ಎರಡನೆಯ ಪರೀಕ್ಷೆಗೆ ಮೂರು ವಾರಗಳಿದ್ದುವು. ಓದನ್ನು ಬಿಟ್ಟು ಪೇಟೆಯ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆಂದು ತಾಯಿಯೊಡನೆ ಹೇಳಿಯೂ ಇದ್ದನು. ಅದೇ ಮನೆಯಲ್ಲಿ ಆತನ ತಾತ, ಸಂಸ್ಕೃತ ಪಾಠಶಾಲೆಯಲ್ಲಿ ಜ್ಯೌತಿಷವನ್ನೂ ಗಣಿತವನ್ನೂ ಕಲಿತಿದ್ದ ಶಾಸ್ತ್ರಿಗಳೊಬ್ಬರಿದ್ದರು. ಪಂಚಾಂಗದ ದಿನ ಕೇಳುವುದಕ್ಕಲ್ಲದೆ ಮನೆಯವರಾರೂ ಅವರ ವಿದ್ಯೆಯನ್ನು ಬಹುಕಾಲದಿಂದ ಕೇಳಿರಲಿಲ್ಲ. ಅದು ತಮ್ಮೊಡನೆಯೇ ಮುಗಿಯತಕ್ಕದ್ದೆಂದು ಅವರೂ ಸುಮ್ಮನಾಗಿದ್ದರು. ಒಂದು ಸಂಜೆ ಹುಡುಗನು ಜಗಲಿಯ ಮೇಲೆ ಕುಳಿತು, ಬರೆದ ಚಿತ್ರವನ್ನು ಮತ್ತೆ ಮತ್ತೆ ಅಳಿಸುತ್ತಿದ್ದುದು ಅವರ ದೃಷ್ಟಿಗೆ ಬಿತ್ತು.

"ಯಾಕಪ್ಪಾ, ಬರೆದದ್ದನ್ನೆಲ್ಲ ಅಳಿಸುತ್ತೀಯೆ?" ಎಂದು ಕೇಳಿದರು.

"ಬಾಣದ ಗುರುತನ್ನು ಯಾವ ಕಡೆಗೆ ಹಾಕಬೇಕೋ ತಿಳಿಯುವುದಿಲ್ಲ, ತಾತ. ಮೊದಲನೆಯದೇ ತಪ್ಪಿದರೆ ಲೆಕ್ಕವೆಲ್ಲ ಕೆಡುತ್ತದೆ."

"ಪ್ರವಾಹ ಯಾವ ಕಡೆಗೆ ಹೋಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಲೆಕ್ಕವನ್ನು ಯಾತಕ್ಕೆ ಮಾಡುತ್ತಿದ್ದೆ? ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಆರಂಭ ಮಾಡುವುದೇ ಬೀಜಗಣಿತ. ನಿನ್ನ ಚಿತ್ರ ಏನು ಹೇಳುತ್ತದೆ, ಅದನ್ನು ನನಗೆ ಹೇಳು."

ಹುಡುಗನು ಹೇಳಿದನು. ಎಡಗಡೆ 28 ವೋಲ್ಟಿನ ಒಂದು ಬ್ಯಾಟರಿ, ಬಲಗಡೆ 14 ವೋಲ್ಟಿನ ಇನ್ನೊಂದು; ಎರಡರ ಧನಾಗ್ರಗಳೂ ಮೇಲ್ಮುಖ. ಎಡಗಡೆಯದು 4 ಓಮ್ ರೋಧದ ಮೂಲಕವೂ ಬಲಗಡೆಯದು 1 ಓಮ್ ರೋಧದ ಮೂಲಕವೂ ಮೇಲಿನ ಸಂಧಿಗೆ ಸೇರಿವೆ. ಆ ಸಂಧಿಯಿಂದ ಕೆಳಗಿನ ಸಂಧಿಗೆ, ನಡುವೆ, 2 ಓಮ್ ರೋಧದ ಒಂದು ತಂತಿ. ಬ್ಯಾಟರಿಗಳ ಋಣಾಗ್ರಗಳೆರಡೂ ಕೆಳಗಿನ ಸಂಧಿಗೇ ಸೇರಿವೆ. ಚಿತ್ರದಲ್ಲಿ ಎರಡು ಕಣ್ಣುಗಳು. ನಡುವಿನ ತಂತಿಯು ಎರಡಕ್ಕೂ ಸಾಮಾನ್ಯ.

"ಎರಡು ಅವ್ಯಕ್ತಗಳು ತಾನೇ? ಭಾಸ್ಕರಾಚಾರ್ಯರು ಅವ್ಯಕ್ತಗಳಿಗೆ ಬಣ್ಣಗಳ ಹೆಸರನ್ನಿಟ್ಟರು. ನಿನ್ನ ಎಡಗಣ್ಣಿನದು ಕಾಲಕ, ಬಲಗಣ್ಣಿನದು ನೀಲಕ. ಎರಡನ್ನೂ ಪ್ರದಕ್ಷಿಣವಾಗಿಯೇ ಸುತ್ತಿಸು. ಬಾಣದ ಚಿಂತೆ ಮುಗಿಯಿತು."

ಇದು ತಮಾಷೆಯ ಮಾತಲ್ಲ. ಒಂದಕ್ಕಿಂತ ಹೆಚ್ಚಾದ ಅವ್ಯಕ್ತಗಳನ್ನು ವರ್ಣಗಳ ಹೆಸರಿನಿಂದ ಗುರುತಿಸುವ ಪದ್ಧತಿಯು 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ಗ್ರಂಥದಲ್ಲಿಯೇ ಉಂಟು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅನೇಕವರ್ಣಸಮೀಕರಣವೆಂಬ ಪ್ರಕರಣವೇ ಇದೆ. ಮೊದಲನೆಯ ಅವ್ಯಕ್ತವು ಯಾವತ್ತಾವತ್. ಮುಂದಿನವು ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲನೆಯ ಅಕ್ಷರವನ್ನು ಮಾತ್ರ ಬರೆಯುವುದು. ವಿದ್ಯುತ್ತಿನ ಹೆಸರನ್ನೇ ಕೇಳಿರದ ಕಾಲದ ಸಲಕರಣೆಯು ವಿದ್ಯುತ್ತಿನ ಜಾಲವನ್ನು ಬಿಡಿಸುವುದಕ್ಕೆ ಯಾವ ತಿದ್ದುಪಾಟೂ ಇಲ್ಲದೆ ಒದಗುವುದು.

ಸಮೀಕರಣವನ್ನು ಬರೆಯುವ ಸೂತ್ರವು ಒಂದೇ ವಾಕ್ಯದಲ್ಲಿ ಅಡಗುವುದು. ಕಣ್ಣಿನ ಸುತ್ತಲೂ ಇರುವ ಒಟ್ಟು ರೋಧವನ್ನು ಆ ಕಣ್ಣಿನ ಪ್ರವಾಹದಿಂದ ಗುಣಿಸು. ಸಾಮಾನ್ಯವಾದ ರೋಧವನ್ನು ನೆರೆಯ ಕಣ್ಣಿನ ಪ್ರವಾಹದಿಂದ ಗುಣಿಸಿ ಅದರಿಂದ ಕಳೆ. ಉಳಿದದ್ದು ಆ ಕಣ್ಣಿನಲ್ಲಿರುವ ಬ್ಯಾಟರಿಯ ಒತ್ತಡಕ್ಕೆ ಸಮ. ಬ್ಯಾಟರಿಯು ಪ್ರದಕ್ಷಿಣಕ್ಕೆ ಅನುಕೂಲವಾಗಿ ತಳ್ಳಿದರೆ ಅದು ಧನ, ಪ್ರತಿಕೂಲವಾಗಿ ತಳ್ಳಿದರೆ ಋಣ. ಎಡಗಣ್ಣಿನ ಸುತ್ತ 4 ಮತ್ತು 2 ಸೇರಿ 6 ಓಮ್; ಬಲಗಣ್ಣಿನ ಸುತ್ತ 1 ಮತ್ತು 2 ಸೇರಿ 3 ಓಮ್; ಸಾಮಾನ್ಯವಾದದ್ದು 2. ಪ್ರದಕ್ಷಿಣವಾಗಿ ಸುತ್ತುವವನು ಎಡಗಡೆಯ ಬ್ಯಾಟರಿಯನ್ನು ಕೆಳಗಿನಿಂದ ಮೇಲಕ್ಕೆ ಹಾಯುವುದರಿಂದ 28 ಧನವಾಯಿತು. ಬಲಗಡೆಯದನ್ನು ಮೇಲಿನಿಂದ ಕೆಳಕ್ಕೆ ಹಾಯುವುದರಿಂದ 14 ಋಣವಾಯಿತು. ಆದ್ದರಿಂದ:

6 ಕಾ − 2 ನೀ = 28

3 ನೀ − 2 ಕಾ = −14

ಮೊದಲನೆಯ ಸಮೀಕರಣವನ್ನು ಅರ್ಧಮಾಡಿ ಮೂರರಿಂದ ಗುಣಿಸಿದರೆ 9 ಕಾ − 3 ನೀ = 42. ಇದನ್ನು ಎರಡನೆಯದಕ್ಕೆ ಕೂಡಿಸಿದರೆ ನೀಲಕವು ಬಿದ್ದುಹೋಗಿ 7 ಕಾ = 28 ಎಂದು ಉಳಿಯುವುದು. ಕಾಲಕವು 4 ಆಂಪಿಯರ್. ಅದನ್ನು ಮೊದಲನೆಯದರಲ್ಲಿ ಇಟ್ಟರೆ 24 − 2 ನೀ = 28; ನೀಲಕವು 2 ಋಣ.

ಹುಡುಗನು ಇಲ್ಲಿ ಪೆನ್ಸಿಲನ್ನು ಕೆಳಗಿಟ್ಟನು. "ನೋಡಿ ತಾತ, ಋಣ ಬಂದುಬಿಟ್ಟಿತು. ಬಾಣ ತಪ್ಪಾಯಿತು, ಮತ್ತೆ ಮೊದಲಿನಿಂದ ಮಾಡಬೇಕು."

"ಏನನ್ನೂ ಮಾಡಬೇಡ. ನೀನು ಪ್ರದಕ್ಷಿಣ ಎಂದು ಊಹಿಸಿದೆ; ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ ಎಂದು ಲೆಕ್ಕವೇ ಹೇಳಿತು. ಎರಡು ಎಂಬುದು ಸರಿ. ದಿಕ್ಕು ಮಾತ್ರ ಎದುರು. ನಡುವಿನ ತಂತಿಯಲ್ಲಿ ಎಷ್ಟು, ಅದನ್ನು ಹೇಳು."

"ಕಾಲಕದಲ್ಲಿ ನೀಲಕವನ್ನು ಕಳೆಯಬೇಕು. ನಾಲ್ಕರಲ್ಲಿ ಋಣ ಎರಡನ್ನು ಕಳೆದರೆ... ಆರು."

"ಸಾಲವನ್ನು ಕಳೆದರೆ ಆಸ್ತಿ ಹೆಚ್ಚುತ್ತದೆ. ತಾಳೆ ನೋಡು."

ತಾಳೆ ನೋಡಲಾಯಿತು. ನಡುವಿನ ತಂತಿಯಲ್ಲಿ 6 ಆಂಪಿಯರು 2 ಓಮಿನ ಮೂಲಕ ಹರಿದು 12 ವೋಲ್ಟನ್ನು ನುಂಗುವುದು. ಎಡಗಡೆ 4 ಆಂಪಿಯರು 4 ಓಮಿನಲ್ಲಿ 16. ಹದಿನಾರೂ ಹನ್ನೆರಡೂ ಸೇರಿ 28. ಬಲಗಡೆ 14ರಲ್ಲಿ 2 ವೋಲ್ಟು 1 ಓಮಿನಲ್ಲಿ ಕಳೆದು ಉಳಿದದ್ದು 12. ಎಲ್ಲಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹುಡುಗನು ಏನನ್ನೂ ಅಳಿಸದೆ ಮುಂದಿನ ಲೆಕ್ಕಕ್ಕೆ ಹಾಳೆಯನ್ನು ತಿರುಗಿಸಿದನು. ಶಾಸ್ತ್ರಿಗಳು ಸಂಧ್ಯಾವಂದನೆಗೆ ಏಳಬೇಕಾಗಿದ್ದರೂ ಇನ್ನೊಂದು ಲೆಕ್ಕ ಮುಗಿಯುವ ತನಕ ಕುಳಿತಿದ್ದರೆಂದು ಮನೆಯವರು ಹೇಳುವರು.

ಆ ಹುಡುಗನಿಗಿದ್ದ ಭಯವು ಅನೇಕರಿಗೆ ಉಂಟು. ಆರಂಭದಲ್ಲಿಯೇ ಸತ್ಯವನ್ನು ತಿಳಿದಿರಬೇಕು, ಇಲ್ಲದಿದ್ದರೆ ಹೆಜ್ಜೆಯನ್ನೇ ಇಡಬಾರದು ಎಂಬ ಭಯವದು. ಈ ಗಣಿತಕ್ರಮವು ಹಾಗೆ ಕೇಳುವುದಿಲ್ಲ. ದಿಕ್ಕನ್ನು ಮನಬಂದಂತೆ ಊಹಿಸುವುದಕ್ಕೆ ಅದು ಸಂಪೂರ್ಣ ಸ್ವಾತಂತ್ರ್ಯವನ್ನು ಕೊಡುವುದು. ಆದರೆ ಊಹಿಸಿದ ಮೇಲೆ ಕಡೆಯ ತನಕ ಅದಕ್ಕೆ ಬದ್ಧನಾಗಿರಬೇಕು. ನಡುವೆ ಒಂದು ತಂತಿಯಲ್ಲಿ ಪ್ರದಕ್ಷಿಣ, ಇನ್ನೊಂದರಲ್ಲಿ ಅನುಕೂಲ ಕಂಡಂತೆ ಎಂದು ಬದಲಾಯಿಸಿದರೆ ಮಾತ್ರ ಕೇಡು. ಊಹೆಯು ತಪ್ಪಿದ್ದರೆ ಋಣಚಿಹ್ನೆಯು ಅದನ್ನು ಹೇಳುವುದು. ನಿಷ್ಠೆಯು ತಪ್ಪಿದ್ದರೆ ಯಾವ ಚಿಹ್ನೆಯೂ ಹೇಳುವುದಿಲ್ಲ.

ವೇದಾಂತಿಗಳಿಗೆ ಇದು ಅಪರಿಚಿತವಾದ ಮಾರ್ಗವಲ್ಲ. ವಸ್ತುವಿನಲ್ಲಿಲ್ಲದ್ದನ್ನು ಬೋಧನೆಗಾಗಿ ಬೇಕೆಂದೇ ಆರೋಪಿಸಿ, ಬೋಧೆಯಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅಧ್ಯಾರೋಪಾಪವಾದವೆಂದು ಹೆಸರು. ನಡುವಿನ ತಂತಿಯಲ್ಲಿ ಒಂದು ಕಣ್ಣಿನ ನಾಲ್ಕೂ ಇನ್ನೊಂದು ಕಣ್ಣಿನ ಎರಡೂ ಬೇರೆ ಬೇರೆಯಾಗಿ ಹರಿಯುವುದನ್ನು ಯಾವ ಯಂತ್ರವೂ ತೋರಿಸಲಾರದು. ಅಲ್ಲಿಟ್ಟ ಅಮ್ಮೀಟರು ಆರನ್ನು ಮಾತ್ರ ಹೇಳುವುದು. ಸುತ್ತುವ ಪ್ರವಾಹಗಳು ಆರೋಪಿತವಾದುವು. ಆರು ದೊರೆತ ಮೇಲೆ ಅವುಗಳ ಕೆಲಸವು ಮುಗಿಯಿತು.

ಸಾಮಾನ್ಯವಾದ ತಂತಿಯಲ್ಲಿ ಕೆಲವು ಸಲ ಏನೂ ಹರಿಯದೆ ಇರುವುದೂ ಉಂಟು. ಇದರ ಪ್ರಸಿದ್ಧವಾದ ಉದಾಹರಣೆಯು ವೀಟ್‌ಸ್ಟನ್ ಸೇತುವೆ. 1833ರಲ್ಲಿ ಸ್ಯಾಮ್ಯುಅಲ್ ಕ್ರಿಸ್ಟಿಯು ಇದನ್ನು ಮೊದಲು ವರ್ಣಿಸಿದನು. 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ನನು ಕ್ರಿಸ್ಟಿಯ ಹೆಸರನ್ನು ಹೇಳಿಯೇ ಇದನ್ನು ಪ್ರಚಾರಕ್ಕೆ ತಂದನು. ಆದರೂ ಲೋಕವು ಎರಡನೆಯವನ ಹೆಸರನ್ನೇ ಅದಕ್ಕೆ ಇಟ್ಟಿತು. ವಜ್ರಾಕೃತಿಯ ನಾಲ್ಕು ಭುಜಗಳಲ್ಲಿ ನಾಲ್ಕು ರೋಧಗಳು, ನಡುವೆ ಅಡ್ಡಲಾಗಿ ಒಂದು ಗ್ಯಾಲ್ವನಾಮೀಟರು, ಹೊರಗೆ ಒಂದು ಬ್ಯಾಟರಿ. ರೋಧಗಳು ತಕ್ಕ ಪ್ರಮಾಣದಲ್ಲಿದ್ದರೆ ಮುಳ್ಳು ಅಲುಗಾಡುವುದಿಲ್ಲ. ಆಗ ಅಳತೆ ಗೊತ್ತಿರುವ ಮೂರು ರೋಧಗಳಿಂದ ನಾಲ್ಕನೆಯದನ್ನು ತ್ರೈರಾಶಿಕದಿಂದ ಹೇಳಬಹುದು. ಕಣ್ಣುಗಳ ಲೆಕ್ಕದಲ್ಲಿ ಇದರ ಅರ್ಥವು ಸ್ವಾರಸ್ಯವಾದುದು. ಅಡ್ಡತಂತಿಯ ಎರಡು ಪಕ್ಕದ ಕಣ್ಣುಗಳ ಪ್ರವಾಹಗಳು ಸಮವಾಗಿವೆ. ಆದ್ದರಿಂದ ಅಂತರವು ಸೊನ್ನೆ. ಯಾರೂ ನಡೆಯದ ಓಣಿಯ ಸೊನ್ನೆ ಬೇರೆ. ಹತ್ತು ಮಂದಿ ಆ ಕಡೆಗೂ ಹತ್ತು ಮಂದಿ ಈ ಕಡೆಗೂ ನಡೆದ ಓಣಿಯ ಸೊನ್ನೆ ಬೇರೆ. ಎಣಿಸುವವನ ಪುಸ್ತಕದಲ್ಲಿ ಎರಡೂ ಒಂದೇ ಆಗಿ ಕಾಣುವುವು.

ಈ ಭೇದವನ್ನು ಮರೆತರೆ ಏನಾಗುವುದೆಂಬುದು ಪಾಠಶಾಲೆಯ ಹೊರಗೆ, ಬೀದಿಯ ಕಂಬಗಳ ಮೇಲೆ ತಿಳಿಯುವುದು. ದೀಪಗಳಿಗೆ ವಿದ್ಯುತ್ತನ್ನು ಹಂಚುವುದಕ್ಕೆ ಮೂರು ತಂತಿಗಳ ಪದ್ಧತಿಯೊಂದನ್ನು ಇಂಗ್ಲೆಂಡಿನಲ್ಲಿ ಜಾನ್ ಹಾಪ್ಕಿನ್ಸನ್ನನೂ ಅಮೆರಿಕೆಯಲ್ಲಿ ಥಾಮಸ್ ಎಡಿಸನ್ನನೂ 1882ರ ಸುಮಾರಿನಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು. 110 ವೋಲ್ಟಿನ ಎರಡು ಯಂತ್ರಗಳು ಒಂದರ ಮೇಲೊಂದು. ಮೇಲೊಂದು ತಂತಿ, ಕೆಳಗೊಂದು ತಂತಿ, ಎರಡು ಯಂತ್ರಗಳ ನಡುವಣ ಸಂಧಿಯಿಂದ ಮೂರನೆಯ ತಂತಿ. ಅರ್ಧ ಮನೆಗಳು ಮೇಲಿನ ಕಣ್ಣಿನಲ್ಲಿ, ಅರ್ಧ ಮನೆಗಳು ಕೆಳಗಿನ ಕಣ್ಣಿನಲ್ಲಿ. ನಡುವಣ ತಂತಿಯು ಎರಡಕ್ಕೂ ಸಾಮಾನ್ಯ; ಅದಕ್ಕೆ ನ್ಯೂಟ್ರಲ್ ಎಂದು ಹೆಸರು. ಮೂರು ತಂತಿಗಳೂ ಒಂದೇ ದಪ್ಪವಾಗಿದ್ದರೂ ಹಿಂದಿನ ಎರಡು ತಂತಿಗಳ ಪದ್ಧತಿಗೆ ಬೇಕಾಗಿದ್ದ ತಾಮ್ರದಲ್ಲಿ ಎಂಟರಲ್ಲಿ ಮೂರು ಪಾಲು ಸಾಕಾಗುವುದು. ಎರಡು ಕಡೆಯ ಮನೆಗಳ ಬಳಕೆಯು ಸಮವಾಗಿದ್ದಾಗ ನ್ಯೂಟ್ರಲಿನಲ್ಲಿ ಪ್ರವಾಹವೇ ಇರುವುದಿಲ್ಲ.

ಹಾಗಾದರೆ ಆ ತಂತಿಯು ಯಾತಕ್ಕೆ ಎಂದು ಕೇಳುವವರಿಗೆ ಲೆಕ್ಕವೇ ಉತ್ತರವನ್ನು ಹೇಳಲಿ. ಮೇಲಿನ ಕಣ್ಣಿನ ಮನೆಯಲ್ಲಿ ಎರಡೋ ಮೂರೋ ದೀಪಗಳು. ಒಟ್ಟು ರೋಧವು 44 ಓಮ್. ಕೆಳಗಿನ ಕಣ್ಣಿನ ಮನೆಯಲ್ಲಿ ಮದುವೆಯ ಸಂಭ್ರಮ. ಸಾಲುಸಾಲಾಗಿ ದೀಪಗಳು ಉರಿಯುತ್ತಿವೆ. ದೀಪಗಳು ಹೆಚ್ಚಿದಷ್ಟೂ ದಾರಿಗಳು ಹೆಚ್ಚಿ ಒಟ್ಟು ರೋಧವು ಕಡಿಮೆಯಾಗುವುದು. ಅದು 11 ಓಮ್ ಎನ್ನೋಣ. ಬೀದಿಯ ತಂತಿಗಳ ರೋಧವನ್ನು ಎಣಿಕೆಗೆ ತಾರದೆ ಇದ್ದರೆ, ಮೇಲಿನ ಪ್ರವಾಹವು ಎರಡೂವರೆ ಆಂಪಿಯರು, ಕೆಳಗಿನದು ಹತ್ತು. ಅಂತರವಾದ ಏಳೂವರೆ ಆಂಪಿಯರನ್ನು ನ್ಯೂಟ್ರಲ್ ತಂತಿಯು ಹೊರುವುದು. ಎರಡು ಮನೆಗಳಲ್ಲಿಯೂ ದೀಪಗಳಿಗೆ 110 ವೋಲ್ಟೇ. ಒಬ್ಬರ ಸಂಭ್ರಮದಿಂದ ಇನ್ನೊಬ್ಬರಿಗೆ ಯಾವ ಬಾಧೆಯೂ ಇಲ್ಲ.

ಈಗ ಗಾಳಿಗೋ ತುಕ್ಕಿಗೋ ಆ ನಡುವಣ ತಂತಿಯು ಕಡಿದುಹೋಯಿತು. ಎರಡು ಕಣ್ಣುಗಳ ನಡುವಿನ ಗಡಿಯು ಅಳಿಸಿ ಒಂದೇ ದೊಡ್ಡ ಕಣ್ಣಾಯಿತು. 220 ವೋಲ್ಟು ಈಗ 44 ಮತ್ತು 11, ಒಟ್ಟು 55 ಓಮಿನ ಮೂಲಕ 4 ಆಂಪಿಯರನ್ನು ತಳ್ಳುವುದು. ಮದುವೆಯ ಮನೆಗೆ ದೊರೆಯುವುದು 44 ವೋಲ್ಟು. ಅಲ್ಲಿ ದೀಪಗಳು ಕೆಂಪಾಗಿ ಮಂಕಾಗುವುವು. ಎರಡೇ ದೀಪಗಳಿದ್ದ ಮನೆಗೆ 176 ವೋಲ್ಟು. ಅಲ್ಲಿ ದೀಪಗಳು ಕಣ್ಣು ಕೋರೈಸುವಂತೆ ಬೆಳಗಿ ಸುಟ್ಟುಹೋಗುವುವು. ವಾಚಕರು ಇದನ್ನು ಗಮನಿಸಬೇಕು: ಹೆಚ್ಚಾಗಿ ಬಳಸುತ್ತಿದ್ದವನು ಕತ್ತಲೆಯಲ್ಲಿ ಕುಳಿತನೇ ಹೊರತು ಬೇರೆ ನಷ್ಟಪಡಲಿಲ್ಲ, ಅಲ್ಪವಾಗಿ ಬಳಸುತ್ತಿದ್ದವನ ವಸ್ತುವೇ ಸುಟ್ಟಿತು. ಸಾಮಾನ್ಯವಾದ ತಂತಿಯು ಇರುವ ತನಕ ಬಡವನ ಮನೆಯ ಕ್ಷೇಮವು ನೆರೆಮನೆಯ ಬಳಕೆಯನ್ನು ಅವಲಂಬಿಸಿರಲಿಲ್ಲ. ಅದು ಹೋದ ಮೇಲೆ ಪೂರ್ಣವಾಗಿ ಅವಲಂಬಿಸಿತು.

ಇಂದಿನ ಊರುಗಳಲ್ಲಿ ಮೂರು ಫೇಸುಗಳೂ ಒಂದು ನ್ಯೂಟ್ರಲೂ ಸೇರಿ ನಾಲ್ಕು ತಂತಿಗಳ ಪದ್ಧತಿಯಿದೆ. ಅಲ್ಲಿಯ ಪ್ರವಾಹವು ಕ್ಷಣಕ್ಷಣಕ್ಕೂ ದಿಕ್ಕನ್ನು ಬದಲಾಯಿಸುವಂಥದಾದುದರಿಂದ ಗಣಿತವು ಸ್ವಲ್ಪ ಬೆಳೆಯುವುದು; ನ್ಯಾಯವು ಬದಲಾಗುವುದಿಲ್ಲ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟಿರಬೇಕಾದ ಮನೆಯು, ನ್ಯೂಟ್ರಲ್ ಕಡಿದಾಗ, ನೆರೆಯ ಫೇಸಿನ ಬಳಕೆಗೆ ತಕ್ಕಂತೆ 400 ವೋಲ್ಟಿನ ಸಮೀಪಕ್ಕೂ ಏರಬಹುದು. ಒಂದೇ ಸಂಜೆಯಲ್ಲಿ ಒಂದು ಬೀದಿಯ ಟೀವಿ, ಫ್ರಿಜ್ಜುಗಳು ಕೆಟ್ಟುವೆಂಬ ವರ್ತಮಾನದ ಹಿಂದೆ ಅನೇಕ ಸಲ ಇರುವುದು ಇದೇ ಕಾರಣ. ಆದ್ದರಿಂದಲೇ ನ್ಯೂಟ್ರಲ್ ತಂತಿಯೊಂದರಲ್ಲಿಯೇ ಫ್ಯೂಸನ್ನೂ ಪ್ರತ್ಯೇಕವಾದ ಸ್ವಿಚ್ಚನ್ನೂ ಹಾಕಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ವಿಧಿಸಲಾಗಿತ್ತು. ಮನೆಯಲ್ಲಿ ಕೆಲವು ದೀಪಗಳು ಅಕಸ್ಮಾತ್ತಾಗಿ ಪ್ರಖರವಾಗಿಯೂ ಕೆಲವು ಮಂಕಾಗಿಯೂ ಉರಿಯತೊಡಗಿದರೆ, ಕಾರಣವನ್ನು ಚರ್ಚಿಸುತ್ತ ಕೂರದೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ ಬಳಿಕ ವಿದ್ಯುತ್ ಕಚೇರಿಗೆ ತಿಳಿಸುವುದು ವಿವೇಕ.

ಈ ಕ್ರಮಕ್ಕೆ ಎಲ್ಲೆಯೂ ಉಂಟೆಂಬುದನ್ನು ಹೇಳದಿದ್ದರೆ ವಿಷಯಕ್ಕೆ ನ್ಯಾಯವಾಗದು. ಜಾಲವನ್ನು ಹಾಳೆಯ ಮೇಲೆ ತಂತಿಗಳು ಒಂದನ್ನೊಂದು ದಾಟದಂತೆ ಬರೆಯುವುದಕ್ಕೆ ಸಾಧ್ಯವಿದ್ದರೆ ಮಾತ್ರ ಕಣ್ಣುಗಳೆಂಬುವು ಇರುವುವು. ಮೂರು ಮನೆಗಳಿಂದ ಮೂರು ಬಾವಿಗಳಿಗೆ ಒಂದನ್ನೊಂದು ದಾಟದಂತೆ ಒಂಬತ್ತು ದಾರಿಗಳನ್ನು ಎಳೆ ಎಂದು ಮಕ್ಕಳು ಒಬ್ಬರಿಗೊಬ್ಬರು ಒಡ್ಡುವ ಸಮಸ್ಯೆಯು ಬಿಡಿಸಲಾಗದ್ದು. ಅಂಥ ಜಾಲದಲ್ಲಿ ಕಣ್ಣನ್ನು ಬಿಟ್ಟು ಬೇರೆ ವಿಧವಾಗಿ ಸುತ್ತುಗಳನ್ನು ಆರಿಸಬೇಕು; ಅಥವಾ ಸಂಧಿಗಳ ಒತ್ತಡವನ್ನೇ ಅವ್ಯಕ್ತವಾಗಿ ಹಿಡಿಯುವ ಇನ್ನೊಂದು ಕ್ರಮವನ್ನು ಅನುಸರಿಸಬೇಕು. 1973ರಲ್ಲಿ ಅಮೆರಿಕೆಯ ಬರ್ಕ್ಲಿಯಿಂದ ಹೊರಬಂದ ಸ್ಪೈಸ್ ಎಂಬ ಕಂಪ್ಯೂಟರ್ ಕ್ರಮವಿಧಿಯು ಈ ಎರಡನೆಯ ಮಾರ್ಗವನ್ನೇ ಹಿಡಿಯಿತು. ಸಾವಿರಾರು ತಂತಿಗಳ ಜಾಲವನ್ನು ಯಂತ್ರವು ಆ ವಿಧವಾಗಿ ನಿಮಿಷಮಾತ್ರದಲ್ಲಿ ಬಿಡಿಸಬಲ್ಲುದು. ಆದರೆ ಯಂತ್ರವು ಉತ್ತರವನ್ನು ಕೊಡುವುದು. ನಡುವಣ ತಂತಿಯು ಏತಕ್ಕೆ ಬೇಕೆಂಬುದನ್ನು ಮನಸ್ಸಿಗೆ ತಂದುಕೊಡುವುದಿಲ್ಲ. ಅದು ಹಾಳೆಯ ಮೇಲೆ ಎರಡು ಕಣ್ಣುಗಳನ್ನು ಬರೆದು, ಕೈಯಿಂದ ಒಮ್ಮೆ ಲೆಕ್ಕ ಮಾಡಿದವನಿಗೆ ಬರುವ ತಿಳಿವು.

ಪ್ರತಿಯೊಂದು ಕಣ್ಣಿನ ಸಮೀಕರಣದಲ್ಲಿಯೂ ನೆರೆಯ ಕಣ್ಣಿನ ಪ್ರವಾಹಕ್ಕೆ ಒಂದು ಸ್ಥಾನವಿದೆ. ಅದನ್ನು ಬರೆಯದೆ ಬಿಟ್ಟರೆ ಸಮೀಕರಣವು ಬಿಡಿಸುವುದಕ್ಕೆ ಇನ್ನಷ್ಟು ಸುಲಭವಾಗಿಯೇ ತೋರುವುದು, ಉತ್ತರವೂ ಬರುವುದು, ಆದರೆ ಅದು ಆ ಜಾಲದ ಉತ್ತರವಾಗಿರುವುದಿಲ್ಲ. ವಿದ್ಯಾರ್ಥಿಗಳು ಚಿಹ್ನೆಗೆ ಹೆದರದೆ, ಈ ಒಂದು ಪದವನ್ನು ಮಾತ್ರ ಮರೆಯದೆ ಬರೆಯುವುದನ್ನು ಅಭ್ಯಾಸಮಾಡಿಕೊಂಡರೆ ಉಳಿದದ್ದನ್ನು ಲೆಕ್ಕವೇ ನೋಡಿಕೊಳ್ಳುವುದು.